ವೆನಿಸ್‌ನಲ್ಲಿ ಊಟ: ನಿಂತೋ, ಕುಳಿತೋ?

ಊರಿನಿಂದ ಬರುವ ನೆಂಟರೂ ಗೆಳೆಯರೂ ವೆನಿಸ್‌ಗೆ ಹೊರಡುವ ಹಿಂದಿನ ದಿನ ತಪ್ಪದೆ ಕೇಳುತ್ತಾರೆ: "ಅಲ್ಲಿ ಊಟಕ್ಕೆ ಯಾವ ಹೋಟೆಲ್ ಚೆನ್ನಾಗಿದೆ?" ನಾನಿರುವುದು ಪಾದುವಾದಲ್ಲಿ. ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ಹಾಗಾಗಿ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತದೆಂದು ಅವರ ನಂಬಿಕೆ. ಆದರೆ ಹೋಟೆಲಿನ ಹೆಸರು ಹೇಳುವ ಮೊದಲು ನಾನೇ ಎರಡು ಪ್ರಶ್ನೆ ಕೇಳುತ್ತೇನೆ. ಜೊತೆಯಲ್ಲಿ ಯಾರು ಯಾರಿದ್ದೀರಿ? ಎಷ್ಟು ಹೊತ್ತಿಗೆ ತಿನ್ನಬೇಕೆಂದಿದ್ದೀರಿ? ವೆನಿಸ್‌ನಲ್ಲಿ ರುಚಿಯನ್ನೂ ಬಿಲ್ಲನ್ನೂ ತೀರ್ಮಾನಿಸುವುದು ಹೋಟೆಲಿನ ಹೆಸರಲ್ಲ, ನೀವು ನಿಂತು ತಿನ್ನುತ್ತೀರೋ ಕುಳಿತು ತಿನ್ನುತ್ತೀರೋ ಎಂಬುದು.

ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ದಿನ ಇರುವವರು ನಿಂತು ತಿನ್ನಬೇಕು. ಕಾಲು ಗಟ್ಟಿಯಿಲ್ಲದವರಿಗೆ, ಪುಟ್ಟ ಮಕ್ಕಳನ್ನು ಕರೆದುಕೊಂಡು ಬಂದವರಿಗೆ ಬೇರೆ ದಾರಿ ಇದೆ, ಅದನ್ನೂ ಹೇಳುತ್ತೇನೆ.

ನಿಂತು ತಿನ್ನುವ ಬಾಕರೊ

ಬಾಕರೊ ಎಂದರೆ ವೆನಿಸ್‌ನ ಪುಟ್ಟ ವೈನ್ ಅಂಗಡಿ. ಉದ್ದನೆಯ ಒಂದು ಕಟ್ಟೆ, ಅದರ ಮೇಲೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸಾಲಾಗಿ ಜೋಡಿಸಿಟ್ಟ ತಿಂಡಿ. ಆ ತಿಂಡಿಗೆ ಚಿಕ್ಕೆತ್ತಿ ಎಂದು ಹೆಸರು. ಕನ್ನಡದ ಕಿವಿಗೆ ಅದರಲ್ಲಿ 'ಚಿಕ್ಕ' ಕೇಳಿಸುತ್ತದೆ. ಎರಡಕ್ಕೂ ನಂಟಿಲ್ಲ, ಅತ್ಯಲ್ಪ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದು ಬಂದಿದೆ ಎನ್ನುತ್ತಾರೆ. ಆದರೂ ನಮ್ಮವರಿಗೆ ಹೆಸರು ನೆನಪಿಡಲು ಇದಕ್ಕಿಂತ ಸುಲಭದ ಉಪಾಯವಿಲ್ಲ, ಅರ್ಥವೂ ಸರಿಹೊಂದುತ್ತದೆ. ಒಂದೊಂದೂ ಎರಡು ಮೂರು ತುತ್ತಿನಷ್ಟು. ಬೆಲೆ ಹೆಚ್ಚುಕಡಿಮೆ ಒಂದೂವರೆ ಯೂರೊದಿಂದ 3 ಯೂರೊವರೆಗೆ.

ಜೊತೆಗೆ ಪುಟ್ಟ ಲೋಟದಲ್ಲಿ ವೈನ್ ಕೊಡುತ್ತಾರೆ. ಅದನ್ನು ಒಂಬ್ರಾ ಎಂದು ಕರೆಯುತ್ತಾರೆ, ಅಂದರೆ ನೆರಳು. ಹಿಂದೆ ಸಾನ್ ಮಾರ್ಕೊ ಚೌಕದಲ್ಲಿ ವೈನ್ ಮಾರುತ್ತಿದ್ದವರು ಹೊತ್ತು ಸರಿದಂತೆ ಗಂಟೆಗೋಪುರದ ನೆರಳನ್ನು ಹಿಂಬಾಲಿಸಿ ತಮ್ಮ ಅಂಗಡಿಯನ್ನೂ ಸರಿಸುತ್ತಿದ್ದರಂತೆ. ಆ ಹೆಸರು ಲೋಟಕ್ಕೆ ಅಂಟಿಕೊಂಡಿತು ಎಂಬುದು ಅಲ್ಲಿನವರು ಹೇಳುವ ಕಥೆ. ವೈನಿಗೆ ಸೋಡಾ, ಕಹಿ ಮದ್ಯ ಬೆರೆಸಿದ, ಕಿತ್ತಳೆ, ಕೆಂಪು ಬಣ್ಣದ ಸ್ಪ್ರಿಟ್ಸ್ ಕುಡಿಯುವವರೂ ಬಹಳ. ಅದಕ್ಕೆ ಹಾಕುವ ಆಪೆರೋಲ್ ಎಂಬ ಕಹಿ ಮದ್ಯ ನಮ್ಮ ಪಾದುವಾದಲ್ಲಿ 1919ರಲ್ಲಿ ಹುಟ್ಟಿದ್ದು. ವೆನಿಸ್‌ನವರಿಗೆ ತಮ್ಮದೇ ಊರಿನ, 1920ರ ಸೆಲೆಕ್ಟ್ ಮೇಲೆ ಅಭಿಮಾನ. ಕುಡಿಯದವರು ಹಿಂಜರಿಯಬೇಕಿಲ್ಲ. ಕ್ರೋದಿನೊ ಎಂಬ ಕಹಿಸಿಹಿ ಪಾನೀಯ, ಕಹಿ ಕಿತ್ತಳೆಯ ಕಿನೊತ್ತೊ ಎರಡರಲ್ಲೂ ಮದ್ಯವಿಲ್ಲ. ಬರಿಯ ನೀರು ಕೇಳಿದರೂ ಯಾರೂ ಮುಖ ಸಿಂಡರಿಸುವುದಿಲ್ಲ.

ತಿನ್ನುವ ಕ್ರಮ ಹೀಗೆ: ಒಳಗೆ ಹೋಗಿ, ಗಾಜಿನೊಳಗೆ ಕಂಡದ್ದನ್ನು ಬೆರಳಿನಿಂದ ತೋರಿಸಿ, ಎಷ್ಟು ಬೇಕೆಂದು ಹೇಳಿದರೆ ತಟ್ಟೆ ಕೈಗೆ ಬರುತ್ತದೆ. ಕೆಲವೆಡೆ ಮೊದಲೇ ಹಣ, ಕೆಲವೆಡೆ ಹೊರಡುವಾಗ. ಬೆಂಗಳೂರಿನ ದರ್ಶಿನಿಗಳಲ್ಲಿ ನಿಂತು ಇಡ್ಲಿ ವಡೆ ತಿಂದು ಅಭ್ಯಾಸವಿರುವವರಿಗೆ ಇದು ಮುಜುಗರದ ವಿಷಯವೇ ಅಲ್ಲ. ಆದರೆ ಒಂದು ಮಾತು ನೆನಪಿಡಬೇಕು: ಒಂದೇ ಅಂಗಡಿಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಬಾರದು. ಇಲ್ಲಿ ಎರಡು ತಿಂದು, ಸೇತುವೆ ದಾಟಿ, ಮುಂದಿನ ಅಂಗಡಿಯಲ್ಲಿ ಇನ್ನೆರಡು. ಪ್ರತಿ ಅಂಗಡಿಗೂ ತನ್ನದೇ ಆದ ಕೈಗುಣ ಇರುತ್ತದೆ, ಅದನ್ನು ಸವಿಯುವುದಕ್ಕೇ ಈ ಸುತ್ತಾಟ. ಹೀಗೆ ಮೂರು ಅಂಗಡಿ ಸುತ್ತಿದರೂ ಒಬ್ಬರಿಗೆ 15ರಿಂದ 20 ಯೂರೊ ಸಾಕು. ಕಾಲುವೆಯ ದೋಣಿಬಸ್ಸಿನಲ್ಲಿ 75 ನಿಮಿಷದ ಒಂದು ಟಿಕೆಟ್ಟಿಗೇ ಒಂಬತ್ತೂವರೆ ಯೂರೊ ಆಗುವ ಊರಿದು ಎಂಬುದನ್ನು ಗಮನಿಸಿ.

ಗಾಜಿನ ಪೆಟ್ಟಿಗೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಕ್ಕಲಾ ಮಂತೆಕಾತೊ. ಮರದ ಕೊರಡಿನಂತೆ ಒಣಗಿದ ಕಾಡ್ ಮೀನನ್ನು ದಿನಗಟ್ಟಲೆ ನೀರಿನಲ್ಲಿ ನೆನೆಸಿ, ಬೇಯಿಸಿ, ಮುಳ್ಳು ತೆಗೆದು, ಎಣ್ಣೆಯನ್ನು ಎಳೆಎಳೆಯಾಗಿ ಸುರಿಯುತ್ತಾ ಬಡಿಯುತ್ತಾರೆ. ಮಜ್ಜಿಗೆ ಕಡೆದಾಗ ಬೆಣ್ಣೆ ತೇಲಿಬರುವ ಹೊತ್ತಿನಲ್ಲಿ ಆಗುವಂತೆ ಇಲ್ಲೂ ಒಂದು ಗಳಿಗೆಯಲ್ಲಿ ಎಲ್ಲ ಬದಲಾಗುತ್ತದೆ. ನಾರುನಾರಾಗಿದ್ದ ಮೀನು ಬೆಳ್ಳಗೆ, ಮೃದುವಾಗಿ ಉಬ್ಬುತ್ತದೆ. ಅದನ್ನು ಬ್ರೆಡ್ಡಿನ ಚೂರಿನ ಮೇಲೆ ಅಥವಾ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯಾದ ಪೊಲೆಂತಾವನ್ನು ಚೌಕಾಕಾರಕ್ಕೆ ಕತ್ತರಿಸಿ ಸುಟ್ಟು, ಅದರ ಮೇಲೆ ಹಚ್ಚಿಕೊಡುತ್ತಾರೆ. ಕಡಲಿನ ನಡುವೆಯೇ ಇರುವ ಈ ಊರಿಗೆ ನಾರ್ವೆಯ ಒಣಮೀನು ಏಕೆ ಬೇಕಾಯಿತು? ಪಿಯೆತ್ರೊ ಕ್ವೆರೀನಿ ಎಂಬ ವೆನಿಸ್‌ನ ವರ್ತಕ 1431ರಲ್ಲಿ ಕ್ರೀಟ್ ದ್ವೀಪದಿಂದ ಫ್ಲಾಂಡರ್ಸ್‌ಗೆ ವೈನ್ ಹೇರಿಕೊಂಡು ಹೊರಟ. ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಬದುಕುಳಿದ ಕೆಲವರು ನಾರ್ವೆಯ ಲೋಫೋಟೆನ್ ದ್ವೀಪಗಳ ದಡ ಸೇರಿ, ಅಲ್ಲಿನ ಮೀನುಗಾರರ ಮನೆಯಲ್ಲಿ ತಿಂಗಳುಗಟ್ಟಲೆ ಉಳಿದರು. ಗಾಳಿಗೆ ಒಣಗಿಸಿದ ಆ ಮೀನಿನ ಪರಿಚಯ ವೆನಿಸ್‌ಗೆ ಆದದ್ದು ಹಾಗೆ ಎಂದು ಊರವರು ಇಂದಿಗೂ ನೆನೆಯುತ್ತಾರೆ.

ಇನ್ನೊಂದನ್ನು ಬಿಡಬಾರದು: ಸಾರ್ದೆ ಇನ್ ಸಾಓರ್. ನಮ್ಮ ಬೈಗೆ ಮೀನನ್ನು ಹೋಲುವ ಸಣ್ಣ ಸಾರ್ಡೀನನ್ನು ಹುರಿದು, ಬಾಡಿಸಿದ ಈರುಳ್ಳಿ, ವಿನೆಗರ್, ಒಣದ್ರಾಕ್ಷಿ, ಪೈನ್ ಬೀಜಗಳ ನಡುವೆ ಹೂತು ಒಂದೆರಡು ದಿನ ಬಿಡುತ್ತಾರೆ. ನಾವಿಕರು ಮೀನು ಕೆಡದಂತೆ ಕಾಪಾಡಲು ಕಂಡುಕೊಂಡ ಉಪಾಯ ಇದು. ಹುಳಿಯೂ ಸಿಹಿಯೂ ಬೆರೆತ ಆ ಈರುಳ್ಳಿ ಬಾಯಿಗೆ ಬಿದ್ದಾಗ ನನಗೆ ಗೊಜ್ಜಿನ ನೆನಪಾಗದ ದಿನವಿಲ್ಲ.

ಎಲ್ಲಿಗೆ ಹೋಗಬೇಕು? ಇಲ್ಲಿ ನನ್ನ ಎರಡನೆಯ ಪ್ರಶ್ನೆ ಮುಖ್ಯವಾಗುತ್ತದೆ. ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರೊಳಗಾದರೆ ರಿಯಾಲ್ತೊ ಮಾರುಕಟ್ಟೆಯ ಬದಿ. ಅಲ್ಲಿಯ ಕಾಂತೀನಾ ದೊ ಮೋರಿ ತನ್ನ ಹುಟ್ಟಿದ ವರ್ಷ 1462 ಎಂದು ಹೇಳಿಕೊಳ್ಳುತ್ತದೆ. ಮಂದಬೆಳಕಿನ ಒಳಾಂಗಣದ ಮಾಡಿನಿಂದ ತಾಮ್ರದ ಕೊಡಗಳು ತೂಗುತ್ತಿರುತ್ತವೆ. ಅಂಚೆಚೀಟಿ ಎಂದೇ ಕರೆಯುವ ಬೆರಳಗಲದ ಸ್ಯಾಂಡ್‌ವಿಚ್ ಅಲ್ಲಿನ ವಿಶೇಷ. ಕೆಲವೇ ಹೆಜ್ಜೆ ದೂರದಲ್ಲಿ ಆಲ್ಲಾರ್ಕೊ ಇದೆ. ಈ ಬದಿಯ ಅಂಗಡಿಗಳು ಮಾರುಕಟ್ಟೆಯ ಹೊತ್ತಿಗೆ ಹೊಂದಿಕೊಂಡು ಬದುಕುತ್ತವೆ. ಮಧ್ಯಾಹ್ನವೇ ಬಾಗಿಲು ಹಾಕುವವೂ ಉಂಟು, ರಾತ್ರಿ ಊಟದ ಹೊತ್ತಿಗೆ ಹೋದರೆ ನಿರಾಸೆಯೇ. ಮೀನಿನ ಮಾರುಕಟ್ಟೆಗೆ ಭಾನುವಾರ, ಸೋಮವಾರ ರಜೆ. ಭಾನುವಾರ ಅನೇಕ ಬಾಕರೊಗಳೂ ತೆರೆಯುವುದಿಲ್ಲ. ಸಂಜೆ ಆರರ ನಂತರ ಬರುವವರನ್ನು ನಾನು ಕನ್ನರೇಜೊ ಭಾಗಕ್ಕೆ, ಮಿಸೆರಿಕೋರ್ದಿಯಾ ಕಾಲುವೆಯ ದಂಡೆಗೆ ಕಳಿಸುತ್ತೇನೆ. ಅಲ್ಲಿ ಸಾಲಾಗಿ ಅಂಗಡಿಗಳಿವೆ, ಊರಿನ ವಿದ್ಯಾರ್ಥಿಗಳೂ ಬರುತ್ತಾರೆ. ದೊರ್ಸೊದೂರೊ ಭಾಗದಲ್ಲಿ ಸ್ಕ್ಯಾವಿ ಎಂಬ ವೈನ್ ಅಂಗಡಿ ನನಗೆ ಅಚ್ಚುಮೆಚ್ಚು. ಕೈಯಲ್ಲಿ ತಟ್ಟೆ ಹಿಡಿದು ಹೊರಗೆ ಬಂದರೆ ಕಾಲುವೆಯಾಚೆ ಗೊಂಡೊಲಾಗಳನ್ನು ದುರಸ್ತಿ ಮಾಡುವ ಹಳೆಯ ಕಾರ್ಯಾಗಾರ ಕಾಣುತ್ತದೆ.

ತೊಂದರೆಗಳೂ ಇವೆ. ಅಂಗಡಿ ಕಿರಿದು, ಜನ ಹೆಚ್ಚು, ಭುಜಕ್ಕೆ ಭುಜ ತಾಗುತ್ತದೆ. ದಣಿವಾಯಿತೆಂದು ಸೇತುವೆಯ ಮೆಟ್ಟಿಲ ಮೇಲೆ ತಟ್ಟೆ ಹರಡಿಕೊಂಡು ಕುಳಿತರೆ ದಂಡ ಬೀಳಬಹುದು, ನಗರಾಡಳಿತ ಈ ವಿಷಯದಲ್ಲಿ ಕಟ್ಟುನಿಟ್ಟು. ರಿಯಾಲ್ತೊ ಬದಿಯಲ್ಲಿ ಕಡಲಹಕ್ಕಿಗಳು ಕೈಯಿಂದಲೇ ಕಸಿದುಕೊಂಡು ಹೋಗುತ್ತವೆ. ತಿನ್ನುವಾಗ ಬೆನ್ನನ್ನು ಗೋಡೆಗೆ ಕೊಟ್ಟು ನಿಲ್ಲಿ, ತಟ್ಟೆಯನ್ನು ಎದೆಯ ಹತ್ತಿರ ಹಿಡಿಯಿರಿ.

ಅದೇ ತಿಂಡಿ, ಮೇಜಿನ ಮುಂದೆ

ಕೆಲವು ಬಾಕರೊಗಳ ಹಿಂಬದಿಯಲ್ಲೋ ಕಾಲುವೆಯ ಅಂಚಿನಲ್ಲೋ ನಾಲ್ಕಾರು ಮೇಜುಗಳಿರುತ್ತವೆ. ಬಗೆಬಗೆಯ ಚಿಕ್ಕೆತ್ತಿಗಳನ್ನು ಒಂದೇ ತಟ್ಟೆಯಲ್ಲಿ ಜೋಡಿಸಿ ತಂದುಕೊಡುತ್ತಾರೆ. ಇಟಲಿಯ ಕಾಫಿ ಅಂಗಡಿಗಳಲ್ಲಿಯೂ ಇರುವ ನಿಯಮವೇ ಇಲ್ಲಿಯೂ: ಕಟ್ಟೆಯ ಮುಂದೆ ಒಂದು ದರ, ಮೇಜಿನಲ್ಲಿ ಇನ್ನೊಂದು. ಕಟ್ಟೆಗೆ ಬಾಂಕೊ, ಮೇಜಿಗೆ ತಾವೊಲೊ ಎಂದು ದರಪಟ್ಟಿಯಲ್ಲಿ ಬರೆದಿರುತ್ತಾರೆ. ಅದನ್ನು ಓದದೆ ಕುರ್ಚಿ ಎಳೆಯಬೇಡಿ. ಸಾನ್ ಮಾರ್ಕೊ ಚೌಕದ ಹಳೆಯ ಕಾಫಿಮನೆಗಳಲ್ಲಿ ವಾದ್ಯಗೋಷ್ಠಿ ನಡೆಯುತ್ತಿರುವಾಗ ಹೊರಗೆ ಕುಳಿತರೆ ಸಂಗೀತಕ್ಕೂ ತಲೆಗಿಷ್ಟೆಂದು ಸೇರಿಸುತ್ತಾರೆ. ಅದು ಮೋಸವಲ್ಲ, ಪಟ್ಟಿಯಲ್ಲಿ ಬರೆದೇ ಇರುತ್ತದೆ.

ಹಣ ಹೆಚ್ಚಾದರೂ ಮಕ್ಕಳಿರುವವರಿಗೆ ಇದು ಒಳ್ಳೆಯ ಆಯ್ಕೆ. ನನ್ನ ತಕರಾರು ಒಂದೇ. ಕುಳಿತ ಮೇಲೆ ಎದ್ದು ಇನ್ನೊಂದು ಅಂಗಡಿಗೆ ಹೋಗಲು ಮನಸ್ಸು ಬರುವುದಿಲ್ಲ. ಒಂದೇ ಅಡುಗೆಯವನ ಕೈರುಚಿಯಲ್ಲಿ ಸಂಜೆ ಮುಗಿದುಹೋಗುತ್ತದೆ.

ಒಸ್ತೆರಿಯಾದಲ್ಲಿ ಪೂರ್ತಿ ಊಟ

ಒಸ್ತೆರಿಯಾ ಎಂದರೆ ಕುಳಿತು ಊಟ ಮಾಡುವ ಹೋಟೆಲ್. ಮೇಜುಬಟ್ಟೆ ಹಾಸಿ, ಮೊದಲು ಪಾಸ್ತಾ ಅಥವಾ ರಿಸೊತ್ತೊ, ಆಮೇಲೆ ಮೀನೋ ಮಾಂಸವೋ ಎಂದು ಕ್ರಮವಾಗಿ ಬಡಿಸುವ ಊಟ ಇದು. ರಾತ್ರಿ ಏಳಕ್ಕೆ ಮೊದಲು ಅಡುಗೆಮನೆ ತೆರೆಯುವುದು ಕಡಿಮೆ. ಹೆಸರಾಂತ ಕಡೆ ಮೇಜು ಮೊದಲೇ ಕಾಯ್ದಿರಿಸಬೇಕು. ಒಬ್ಬರಿಗೆ 40ರಿಂದ 50 ಯೂರೊ ಹಿಡಿಯಿರಿ. ಬಿಲ್ಲಿನಲ್ಲಿ ಕೊಪೆರ್ತೊ ಎಂಬ ಸಾಲು ಕಂಡರೆ ಗಾಬರಿಯಾಗಬೇಡಿ: ಬ್ರೆಡ್ಡು, ಮೇಜಿನ ಸಜ್ಜಿಗೆಂದು ತಲೆಗೆ ಎರಡು ಮೂರು ಯೂರೊ. ಟಿಪ್ಸ್ ಕಡ್ಡಾಯವಲ್ಲ. ಬಿಲ್ಲು ನೀವಾಗಿ ಕೇಳುವವರೆಗೆ ತರುವುದಿಲ್ಲ, ಅದು ಅವರ ಮರ್ಯಾದೆ. "ಇಲ್ ಕೊಂತೊ" ಎಂದರೆ ಸಾಕು.

ಸೆಪಿ, ಅಂದರೆ ಕಟಲ್‌ಫಿಶ್ ಎಂಬ ಕಡಲಜೀವಿಯನ್ನು ಅದರದೇ ಶಾಯಿಯಲ್ಲಿ ಬೇಯಿಸಿದ ಕಪ್ಪು ಸಾರು ಮತ್ತು ಪೊಲೆಂತಾ, ದಪ್ಪ ಶಾವಿಗೆಯಂಥ ಬೀಗೊಲಿಯನ್ನು ಈರುಳ್ಳಿ ಮತ್ತು ಉಪ್ಪುಮೀನಿನಲ್ಲಿ ಕಲಸಿದ ಪಾಸ್ತಾ, ವಸಂತದಲ್ಲಿ ಹಸಿ ಬಟಾಣಿಯ ಅನ್ನ ರೀಸಿ ಎ ಬೀಸಿ: ಇವನ್ನು ನಿಂತು ತಿನ್ನಲಾಗದು. ಎರಡನೆಯ ರಾತ್ರಿಯೂ ಉಳಿಯುವವರು ಅದನ್ನು ಇದಕ್ಕೇ ಮೀಸಲಿಡಿ.

ಒಂದು ಎಚ್ಚರಿಕೆಯನ್ನು ನನ್ನ ಕೈ ಸುಟ್ಟುಕೊಂಡೇ ಹೇಳುತ್ತಿದ್ದೇನೆ. ನಾನಿಲ್ಲಿಗೆ ಬಂದ ಹೊಸತರಲ್ಲಿ ದೊಡ್ಡ ಕಾಲುವೆಯ ಬದಿಯ ಒಂದು ಹೋಟೆಲಿನಲ್ಲಿ, ಬಣ್ಣದ ಚಿತ್ರಗಳಿದ್ದ ಮೆನು ನೋಡಿ, 9 ಯೂರೊ ಎಂದು ಬರೆದಿದ್ದ ಸುಟ್ಟ ಮೀನನ್ನು ಕೇಳಿದೆ. ಅದರ ಪಕ್ಕದಲ್ಲಿದ್ದ ಪುಟ್ಟ ಪದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ: "ಆಲ್ಲೆತ್ತೊ". ಅಂದರೆ ನೂರು ಗ್ರಾಂಗೆ. ಬಂದ ಮೀನು ಏಳುನೂರು ಗ್ರಾಂ ಇತ್ತು. ಅಂದಿನಿಂದ ಇಡೀ ಮೀನು ಕೇಳುವಾಗ ತೂಕ ಹಾಕಿಸಿ, ಒಟ್ಟು ಬೆಲೆ ಹೇಳಿಸಿಕೊಂಡೇ ಹೂಂ ಎನ್ನುತ್ತೇನೆ. ಬಾಗಿಲಲ್ಲಿ ನಿಂತು ಕೈಹಿಡಿದು ಕರೆಯುವ, ಐದಾರು ಭಾಷೆಯಲ್ಲಿ ಚಿತ್ರದ ಮೆನು ಇಟ್ಟಿರುವ ಕಡೆಗೆ ಹೋಗುವುದನ್ನಂತೂ ಪೂರ್ತಿ ಬಿಟ್ಟಿದ್ದೇನೆ.

ಸಸ್ಯಾಹಾರಿಗಳು ಯಾವುದನ್ನು ಆರಿಸಬೇಕು

ನಮ್ಮವರಲ್ಲಿ ಅರ್ಧಕ್ಕರ್ಧ ಜನರ ಚಿಂತೆ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕುಳಿತ ಊಟಕ್ಕಿಂತ ನಿಂತ ತಿಂಡಿಯೇ ಸಸ್ಯಾಹಾರಿಗಳಿಗೆ ಮೇಲು ಎಂದು ನನ್ನ ಅನುಭವ. ಒಸ್ತೆರಿಯಾದಲ್ಲಿ ತರಕಾರಿ ರಿಸೊತ್ತೊ ಎಂದು ಬರೆದಿದ್ದರೂ ಅಕ್ಕಿ ಬೇಯಿಸಿದ್ದು ಮಾಂಸದ ಸಾರಿನಲ್ಲಿರಬಹುದು. ಬೀನ್ಸ್ ಸಾರಿಗೆ ಹಂದಿಯ ಕೊಬ್ಬು ಬಿದ್ದಿರಬಹುದು. ಬಾಕರೊದಲ್ಲಿ ಎಲ್ಲವೂ ಗಾಜಿನೊಳಗೆ ಕಣ್ಣೆದುರೇ ಇರುತ್ತದೆ, ಒಂದೊಂದನ್ನೇ ತೋರಿಸಿ ಕೇಳಬಹುದು.

ಕಣ್ಣೂ ಮೋಸಹೋಗುತ್ತದೆ ಎಂಬುದು ಬೇರೆ ಮಾತು. ಅಪ್ಪ ಅಮ್ಮ ಮೊದಲ ಸಲ ಬಂದಾಗ ಅಮ್ಮ ಗಾಜಿನ ಮೇಲೆ ಬೆರಳಿಟ್ಟು, "ಆ ಬೆಣ್ಣೆ ಹಚ್ಚಿದ ಬ್ರೆಡ್ಡು ಕೊಡಿಸು" ಎಂದರು. ಅದು ಬಕ್ಕಲಾ. ಬೆಳ್ಳಗಿನ, ನಯವಾದ ಮುದ್ದೆ ಕಂಡರೆ ಗಿಣ್ಣು (ಚೀಸ್) ಎಂದುಕೊಳ್ಳದೆ ಕೇಳಿ. ಕರಿದ ಮೊಝರೆಲ್ಲಾ ಸ್ಯಾಂಡ್‌ವಿಚ್ಚಿನ ಒಳಗೆ ವೆನಿಸ್‌ನಲ್ಲಿ ಉಪ್ಪುಮೀನನ್ನೋ ಹ್ಯಾಮನ್ನೋ ಇಡುವುದುಂಟು. ಕರಿದ ಆಸ್ಕೊಲಿ ಆಲಿವ್‌ನೊಳಗೆ ಇರುವುದು ಮಾಂಸ. ಕುಂಬಳದ ಹೂವಿನ ಬಜ್ಜಿಯಂಥದರಲ್ಲೂ ಉಪ್ಪುಮೀನಿನ ಚೂರು ಅಡಗಿರುತ್ತದೆ. ಇನ್ನು ಪಾರ್ಮೆಸಾನ್ ಗಿಣ್ಣಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದನ್ನು ತಿನ್ನುವುದೋ ಬಿಡುವುದೋ ಮನೆಯಿಂದ ಹೊರಡುವಾಗಲೇ ನಿರ್ಧರಿಸಿಕೊಂಡರೆ ಒಳ್ಳೆಯದು. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ" ಎಂದು ಬಾಯಿಪಾಠ ಮಾಡಿಕೊಳ್ಳಿ: ಮಾಂಸ ಬೇಡ, ಮೀನು ಬೇಡ. ಬರೀ "ಕಾರ್ನೆ ಬೇಡ" ಎಂದರೆ ಮೀನು ಬರುತ್ತದೆ.

ಹಾಗಾದರೆ ಏನು ತಿನ್ನಬಹುದು? ಅಣಬೆ ಬಾಡಿಸಿ ಹಚ್ಚಿದ ಬ್ರೆಡ್ಡು, ಬದನೆಕಾಯಿಯ ಉಂಡೆ, ಸುಟ್ಟ ತರಕಾರಿ, ತ್ರೆವಿಜೊ ಕಡೆಯ ಕಹಿ ಕೆಂಪು ಸೊಪ್ಪು ರಾದಿಕ್ಯೊ. ಎಲ್ಲಕ್ಕಿಂತ ಹೆಚ್ಚಾಗಿ ಪಲ್ಲೆಹೂವು, ಅಂದರೆ ಆರ್ಟಿಚೋಕ್‌ನ ತಳ. ರಿಯಾಲ್ತೊ ಮಾರುಕಟ್ಟೆಯಲ್ಲಿ ಮಾರುವವರು ಹರಟುತ್ತಲೇ ದೊಡ್ಡ ಚಾಕುವಿನಿಂದ ಎಸಳುಗಳನ್ನೆಲ್ಲ ಸವರಿ ಹಾಕಿ, ಅಂಗೈಯಗಲದ ಬಿಲ್ಲೆಯನ್ನಷ್ಟೇ ಉಳಿಸಿ, ನಿಂಬೆಹಣ್ಣು ಹಿಂಡಿದ ನೀರಿನ ಬಕೆಟ್ಟಿಗೆ ಎಸೆಯುತ್ತಾರೆ. ಬೆಳ್ಳುಳ್ಳಿ, ಪಾರ್ಸ್ಲಿ ಹಾಕಿ ಬೇಯಿಸಿದ ಆ ಬಿಲ್ಲೆ ಬಾಕರೊಗಳಲ್ಲಿ ಸಿಗುತ್ತದೆ. ಏಪ್ರಿಲ್ ಸುಮಾರಿಗೆ ಸಾಂತೆರಾಸ್ಮೊ ದ್ವೀಪದ ಮೊದಲ ಎಳೆಮೊಗ್ಗುಗಳು ಬರುತ್ತವೆ, ಅವನ್ನು ಹಸಿಯಾಗಿಯೇ ತಿನ್ನುತ್ತಾರೆ.

ಮಿಲಾನ್‌ನಲ್ಲಿ, ಲಂಡನ್‌ನಲ್ಲಿ

ಕಚೇರಿ ಕೆಲಸಕ್ಕೆಂದು ಬಂದು ಮಿಲಾನ್ ಬಿಟ್ಟು ಕದಲಲಾಗದವರು "ಅಲ್ಲೂ ಸಂಜೆ ಹೊತ್ತು ತಿಂಡಿ ಕೊಡುತ್ತಾರಂತಲ್ಲ" ಎಂದು ಕೇಳುತ್ತಾರೆ. ಕೊಡುತ್ತಾರೆ, ಅದರ ಹೆಸರು ಅಪೆರಿತೀವೊ. ಆದರೆ ಲೆಕ್ಕ ತಿರುವುಮುರುವು. ವೆನಿಸ್‌ನಲ್ಲಿ ತಿಂಡಿಗೆ ಹಣ. ಮಿಲಾನ್‌ನಲ್ಲಿ ಹಣ ಪಾನೀಯಕ್ಕೆ, 10ರಿಂದ 15 ಯೂರೊ, ತಿಂಡಿ ಅದರೊಂದಿಗೆ ಬರುತ್ತದೆ. ಕೆಲವೆಡೆ ಆಲಿವ್, ಚಿಪ್ಸ್. ಕೆಲವೆಡೆ ಪಾಸ್ತಾ, ಪಿಜ್ಜಾ ಚೂರುಗಳ ಬುಫೆ. ಹೊಟ್ಟೆ ತುಂಬುವಷ್ಟಿದ್ದರೆ ಅದನ್ನು ಅಪೆರಿಚೇನಾ ಎನ್ನುತ್ತಾರೆ, ಸಂಜೆಯ ಪಾನೀಯವೂ ರಾತ್ರಿಯೂಟವೂ ಸೇರಿದ ಪದ. ಗಲ್ಲೇರಿಯಾ ಎಂಬ ಗಾಜಿನ ಮಾಡಿನ ಹಳೆಯ ಅಂಗಡಿಸಾಲಿನಲ್ಲಿ 1915ರಿಂದ ಇರುವ ಕಂಪಾರೀನೊ ಬಾರಿನಲ್ಲಿ ಒಮ್ಮೆ ನಿಂತು ಬರುವುದು ಆ ಗೋಡೆಗಳನ್ನು ನೋಡುವ ಸಲುವಾಗಿಯಾದರೂ ಸರಿ. ಊಟದ ದೃಷ್ಟಿಯಿಂದ ಕೇಳಿದರೆ, ಬುಫೆಯಲ್ಲಿ ಆರಿದ ಪಾಸ್ತಾ ನನಗೆ ಇಷ್ಟವಿಲ್ಲ. ಜೇಬಿನಲ್ಲಿ ಹಣ ಕಡಿಮೆ, ಹಸಿವು ಹೆಚ್ಚು ಎನ್ನುವ ವಿದ್ಯಾರ್ಥಿಗಳಿಗೆ ಮಾತ್ರ ಅದನ್ನು ಹೇಳುತ್ತೇನೆ.

ಲಂಡನ್‌ನಲ್ಲಿರುವ ಗೆಳೆಯರದು ಇನ್ನೊಂದು ಅನುಭವ. 2009ರಲ್ಲಿ ಹೋಟೆಲ್ ಉದ್ಯಮಿ ರಸೆಲ್ ನಾರ್ಮನ್ ಅಲ್ಲಿನ ಸೋಹೊದಲ್ಲಿ ಪೋಲ್ಪೊ ಎಂಬ ಹೋಟೆಲ್ ತೆರೆದ ಮೇಲೆ ವೆನಿಸ್‌ನ ಬಾಕರೊವನ್ನು ಹೋಲುವ ಸಣ್ಣ ತಟ್ಟೆಗಳ ಊಟ ಅಲ್ಲಿ ಬಹಳ ಜನಪ್ರಿಯವಾಯಿತು. ಅಂಥ ಹೋಟೆಲುಗಳಲ್ಲಿ ಕುಳಿತು, ಮೆನು ನೋಡಿ ತರಿಸಿಕೊಂಡು, ಎಲ್ಲರೂ ಹಂಚಿಕೊಂಡು ತಿನ್ನುವುದು. ಬಡಿಸುವವರು "ತಲೆಗೆ ಮೂರು ತಟ್ಟೆ ಹೇಳಿ" ಎನ್ನುತ್ತಾರೆ. ಮೊದಲು ಎರಡರ ಲೆಕ್ಕದಲ್ಲಿ ಹೇಳಿ, ಸಾಲದಿದ್ದರೆ ಮತ್ತೆ ಕೇಳಿ. ಹಾಗೆ ಮಾಡಿದಾಗ ತಟ್ಟೆಗಳೆಲ್ಲ ಒಟ್ಟಿಗೆ ಬಂದು ಆರಿಹೋಗುವುದೂ ತಪ್ಪುತ್ತದೆ. ಸಣ್ಣ ತಟ್ಟೆಯೆಂದರೆ ಸಣ್ಣ ಬಿಲ್ಲು ಎಂದು ಭಾವಿಸಬೇಡಿ. ಐದಾರು ತಟ್ಟೆಗಳ ಬೆಲೆಗೆ ಶೇ. 12.5ರಷ್ಟು ಸೇವಾಶುಲ್ಕ ಸೇರಿದಾಗ ಅದು ವೆನಿಸ್‌ನ ಒಸ್ತೆರಿಯಾದ ಊಟವನ್ನೇ ಮುಟ್ಟುತ್ತದೆ. ಮಾತಾಡುತ್ತಾ ಎರಡು ಗಂಟೆ ಕುಳಿತಿರಬೇಕೆನ್ನುವವರಿಗೆ ಅದು ಸರಿ. ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಬೆರಳು ತೋರಿಸುವ ಸಂತೋಷ ಮಾತ್ರ ಅಲ್ಲಿಲ್ಲ.

ಅಮ್ಮನ ಮಂಡಿನೋವಿನ ಕಥೆ

ಅಮ್ಮನಿಗೆ ಮಂಡಿನೋವು. ಅವರನ್ನು ಬಾಕರೊದ ನೂಕುನುಗ್ಗಲಲ್ಲಿ ನಿಲ್ಲಿಸುವಂತಿರಲಿಲ್ಲ, ಒಸ್ತೆರಿಯಾದಲ್ಲಿ ತಿನ್ನಲು ಅವರಿಗೆ ಹೆಚ್ಚೇನೂ ಇರಲಿಲ್ಲ. ಎರಡನೆಯ ಸಲ ಬಂದಾಗ ಒಂದು ಉಪಾಯ ಹೊಳೆಯಿತು. ವೆನಿಸ್‌ನ ಕಾಂಪೊಗಳಲ್ಲಿ, ಅಂದರೆ ಮನೆಗಳ ನಡುವಿನ ಬಯಲುಗಳಲ್ಲಿ, ಕೆಂಪು ಬಣ್ಣದ ಬೆಂಚುಗಳಿರುತ್ತವೆ. ಮೊಮ್ಮಕ್ಕಳನ್ನು ಆಡಲು ಬಿಟ್ಟು ಅಜ್ಜಿಯರು ಅಲ್ಲಿ ಕುಳಿತಿರುತ್ತಾರೆ. ಹತ್ತಿರ ಬಾಕರೊ ಇರುವ ಒಂದು ಕಾಂಪೊ ಹುಡುಕಿ ಅಪ್ಪ ಅಮ್ಮ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ, ಅಂಗಡಿಗೂ ಬೆಂಚಿಗೂ ನಾನೇ ಓಡಾಡಿದೆ. ಕಟ್ಟೆಯ ದರ, ಕಾಗದದ ತಟ್ಟೆ.

ಅಂದು ಗಾಜಿನೊಳಗೆ ಸಿಹಿಗುಂಬಳದ ಸಾಓರ್ ಇತ್ತು. ಮೀನಿನ ಬದಲು ಕುಂಬಳದ ಹೋಳು, ಮಿಕ್ಕಿದ್ದೆಲ್ಲ ಅದೇ: ಈರುಳ್ಳಿ, ವಿನೆಗರ್, ದ್ರಾಕ್ಷಿ. ಮೀನು ತಗುಲಿಲ್ಲವೆಂದು ಎರಡೆರಡು ಸಲ ಕೇಳಿ ತಂದುಕೊಟ್ಟೆ. ಅಮ್ಮ ಒಂದು ಹೋಳು ಬಾಯಿಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೆಲ್ಲ ಹಾಕಿದ್ದಾರಾ?" ಎಂದು ಕೇಳಿದರು. ಇಲ್ಲ, ಈರುಳ್ಳಿಯ ಸಿಹಿ, ದ್ರಾಕ್ಷಿಯ ಸಿಹಿ ಎಂದೆ. ಇನ್ನೊಂದು ಹೋಳು ತಿಂದರು. ಆಮೇಲೆ ತಟ್ಟೆಯನ್ನು ಅಪ್ಪನ ಕಡೆಗೆ ಸರಿಸದೆ ತಮ್ಮ ಮಡಿಲಲ್ಲೇ ಇಟ್ಟುಕೊಂಡು, "ಇವರಿಗೆ ಬೇರೆ ತಗೊಂಡು ಬಾ" ಎಂದರು. ನಾನು ಮತ್ತೆ ಕಟ್ಟೆಯ ಕಡೆಗೆ ನಡೆದೆ.